ಅತ್ತೆ ನಡಿಗೆಯಲ್ಲಿ, ಸೊಸೆ ಗಾಡಿಯಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ನಡೆಯಲು ಬರುತ್ತದೆ. ಅಡುಗೆಮನೆಯಿಂದ ಕಾರಿನವರೆಗೆ, ಕಾರಿನಿಂದ ಅಂಗಡಿಯವರೆಗೆ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತೇನೆ. ಬೆರಳುಗಳು ಇನ್ನೂ ಸೊಟ್ಟಗಾಗಿಲ್ಲ, ಕುಂಟುವುದಿಲ್ಲ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವುದು ಗೊತ್ತಿರುವುದು ಮನೆಯವರಿಗೆ, ವೈದ್ಯರಿಗೆ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಗುಳಿಗೆ ಕೊಡುವ ಔಷಧಿ ಅಂಗಡಿಯವರಿಗೆ, ಅಷ್ಟೇ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಇವತ್ತು ಮೆಟ್ಟಿಲು ಹತ್ತಿದ ಮೊಣಕಾಲು ನಾಳೆ ಬೆಳಿಗ್ಗೆ ಮಡಚುವುದಕ್ಕೇ ಒಪ್ಪದಿರಬಹುದು.

ಊರಿನಿಂದ ಹಿರಿಯರು ಬಂದರೆ ಅವರಿಗೆ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್ ತೋರಿಸುವುದು ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಒಂದು ಕಟ್ಟಳೆ. ಅಲ್ಲಿ ನಾಲ್ಕು ದೊಡ್ಡ ಪಾರ್ಕುಗಳಿವೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಸುತ್ತಿದರೆ ಹತ್ತು ಕಿಲೋಮೀಟರ್ ದಾಟುವುದು ಮಾಮೂಲು. ಆ ನಾಲ್ಕರಲ್ಲೊಂದಾದ ಎಪ್ಕಾಟ್‌ನಲ್ಲಿ ಕೊಳದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಅದನ್ನೊಂದು ಸುತ್ತು ಹಾಕಿದರೇ ಸುಮಾರು ಎರಡು ಕಿಲೋಮೀಟರ್ ಆಗುತ್ತದೆ, ಅದೂ ಫ್ಲಾರಿಡಾದ ಬಿಸಿಲಿನಲ್ಲಿ, ಗಟ್ಟಿ ನೆಲದ ಮೇಲೆ. ಹಾಗಾಗಿ ನಾನು ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ನಮ್ಮೂರಿನ ಬಜಾಜ್ ಅಲ್ಲ. ಕುರ್ಚಿ, ಮುಂದೊಂದು ಬುಟ್ಟಿ, ಬ್ಯಾಟರಿ ಇರುವ ಪುಟ್ಟ ಗಾಡಿ. ಅಲ್ಲಿಯವರು ಇದನ್ನು ಇಸಿವಿ ಎನ್ನುತ್ತಾರೆ. ಹದಿನೆಂಟು ತುಂಬಿದವರಿಗೆ ಮಾತ್ರ ಓಡಿಸಲು ಕೊಡುತ್ತಾರೆ.

ವೇಗದ ತಿರುಪಿನ ಒಂದು ಕೊನೆಗೆ ಆಮೆಯ ಚಿತ್ರ, ಇನ್ನೊಂದು ಕೊನೆಗೆ ಮೊಲ. ಹಿಡಿಕೆಯ ಕೆಳಗಿನ ಪಟ್ಟಿಯನ್ನು ಒತ್ತಿದರೆ ಮುಂದಕ್ಕೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒತ್ತಬೇಕಾದದ್ದು ಹೆಬ್ಬೆರಳಿನಿಂದ, ನನ್ನ ಕಾಯಿಲೆಗೆ ಅತಿ ಪ್ರಿಯವಾದ ಜಾಗವೂ ಅದೇ! ಮಧ್ಯಾಹ್ನದ ಹೊತ್ತಿಗೆ ಬೆರಳಿನ ಬುಡ ಊದಿಕೊಳ್ಳುತ್ತದೆ. ಆಮೇಲೆ ಅಂಗೈಯಿಂದಲೇ ಒತ್ತಿಕೊಂಡು ಓಡಿಸುತ್ತೇನೆ. ಗಾಡಿಯಲ್ಲಿ ಕುಳಿತವಳದ್ದು ಬರೀ ಸುಖ ಎಂದುಕೊಂಡವರಿಗಾಗಿ ಈ ಮಾತು.

ಹಾಗೆ ಅಂದುಕೊಳ್ಳುವವರಿಗೇನೂ ಬರವಿಲ್ಲ. ಕಳೆದ ಸಲ ಬಸ್ ನಿಲ್ದಾಣದಲ್ಲಿ ನಮ್ಮ ಹಿಂದೆಯೇ ಒಂದು ಕನ್ನಡದ ಕುಟುಂಬವಿತ್ತು. ನಮಗೆ ಭಾಷೆ ತಿಳಿಯದು ಎಂದುಕೊಂಡು ಆ ಹೆಂಗಸು ಗಂಡನಿಗೆ ಹೇಳಿದರು: "ಪಾಪ, ವಯಸ್ಸಾದವರನ್ನು ನಡೆಸಿಕೊಂಡು ಬಂದಿದ್ದಾಳೆ. ತಾನು ನೋಡಿ, ಮಹಾರಾಣಿಯ ಹಾಗೆ ಗಾಡಿಯಲ್ಲಿ." ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತೆ ತಿರುಗಿದರು. "ನನ್ನ ಮೊಣಕಾಲು ಚೆನ್ನಾಗಿದೆಯಮ್ಮಾ. ಹಾಸನದಲ್ಲಿ ದಿನಾ ಬೆಳಿಗ್ಗೆ ಮಹಾರಾಜ ಪಾರ್ಕ್ ಸುತ್ತುತ್ತೇನೆ. ನಿಮ್ಮದು ಯಾವ ಊರಾಯಿತು?" ದಾವಣಗೆರೆಯಂತೆ. ಆ ತಾಯಿಯ ಮುಖ ಕೆಂಪಾಯಿತು. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ ಬೆಣ್ಣೆದೋಸೆಯ ವಿಷಯಕ್ಕೆ ಹೊರಳಿದರು. ನನ್ನ ಕಾಯಿಲೆಯ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗಿರುವ ಗೌರವ ಇನ್ನಷ್ಟು ಹೆಚ್ಚಾಯಿತು.

ಏಕೆಂದರೆ ಆ ಹೆಸರನ್ನು ಕೇಳುವ ಹಕ್ಕು ಪಾರ್ಕಿನ ಸಮವಸ್ತ್ರದವರಿಗೂ ಇಲ್ಲ. ಅಮೆರಿಕದ ಅಂಗವಿಕಲರ ಕಾಯ್ದೆ ಬಂದದ್ದು 1990ರಲ್ಲಿ. ಗಾಲಿಕುರ್ಚಿ, ಸ್ಕೂಟರ್ ಬಳಸುವವರನ್ನು ಜನ ನಡೆದಾಡುವ ಕಡೆಗಳಲ್ಲೆಲ್ಲ ಬಿಡಬೇಕು, ನಿಮಗೇನಾಗಿದೆ ಎಂದು ವಿಚಾರಿಸಬಾರದು ಎನ್ನುತ್ತವೆ ಅದರ ನಿಯಮಗಳು. ಸಂಬಳ ಪಡೆಯುವವರು ಕೇಳಬಾರದ ಪ್ರಶ್ನೆಯನ್ನು ಸಾಲಿನಲ್ಲಿ ನಿಂತವರು ಬಿಟ್ಟಿಯಾಗಿ ಕೇಳುತ್ತಾರೆ, ಅದೂ ಕಣ್ಣಿನಲ್ಲಿಯೇ. ಮಗನ ಜೊತೆ ಫೋಟೊಗೆ ನಿಲ್ಲಲು ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಸುತ್ತಲಿನವರ ಹುಬ್ಬು ಮೇಲೇರುತ್ತದೆ. ಗಾಲಿಯ ಮೇಲೆ ಕೂತವರ ಕಾಲು ಪೂರ್ತಿ ಸತ್ತಿರಬೇಕು ಎಂಬ ಲೆಕ್ಕ ಎಲ್ಲಿಂದ ಬಂತೋ! ಹೃದಯದ ತೊಂದರೆ, ಉಸಿರಾಟದ ತೊಂದರೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇರುವ ಎಷ್ಟೋ ಜನ ನಡೆಯಬಲ್ಲರು, ದಿನವಿಡೀ ನಡೆಯಲಾರರು.

ಈ ಅನುಮಾನಕ್ಕೆ ಸ್ವಲ್ಪ ಇತಿಹಾಸವೂ ಇದೆ. ಡಿಸ್ನಿಯ ಆಟಗಳ ಮುಂದಿನ ಉದ್ದ ಸಾಲು ತಪ್ಪಿಸಿಕೊಳ್ಳಲು ಹಣವಂತರು ಅಂಗವಿಕಲರನ್ನೇ ಬಾಡಿಗೆಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂಬ ಸುದ್ದಿ 2013ರಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಅದೇ ಅಕ್ಟೋಬರಿನಲ್ಲಿ ಡಿಸ್ನಿ ಅಂಗವಿಕಲರಿಗೆ ಕೊಡುತ್ತಿದ್ದ ಹಳೆಯ ಸಹಾಯ ಕಾರ್ಡನ್ನು ನಿಲ್ಲಿಸಿ, ಸಾಲಿನಲ್ಲಿ ನಿಲ್ಲಲಾಗದವರು ಬೇರೆಡೆ ಕಾದು ಹೇಳಿದ ಹೊತ್ತಿಗೆ ಬರುವ ಡಿಎಎಸ್ ಎಂಬ ಹೊಸ ಪದ್ಧತಿಯನ್ನು ತಂದಿತು. 2024ರಲ್ಲಿ ಅದನ್ನೂ ಬಿಗಿ ಮಾಡಿ, ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆಗಳಿರುವವರಿಗೆ ಎಂದಿತು. ಹೀಗಾಗಿ ಸ್ಕೂಟರ್ ಇದ್ದ ಮಾತ್ರಕ್ಕೆ ಸಾಲು ತಪ್ಪುವುದಿಲ್ಲ. ಡಿಸ್ನಿ ವರ್ಲ್ಡ್‌ನ ಬಹುಪಾಲು ಸಾಲುಗಳು ಗಾಲಿಕುರ್ಚಿ ಹೋಗುವಷ್ಟು ಅಗಲವಾಗಿವೆ. ನಿಮ್ಮ ಹಿಂದೆಯೇ, ನಿಮ್ಮಷ್ಟೇ ಹೊತ್ತು, ಗಾಡಿಯ ಮೇಲೆ ಕೂತು ನಾನೂ ಕಾಯುತ್ತೇನೆ. ಬಸ್ಸಿಗೆ ಮೊದಲು ಹತ್ತಿಸುತ್ತಾರೆ, ನಿಜ. ಇಳಿಜಾರು ಹಲಗೆ ಇಳಿಸಿ, ಗಾಡಿಯನ್ನು ಒಳಗೆ ತಿರುಗಿಸಿ ನಿಲ್ಲಿಸಿ, ಚಾಲಕರು ಅದನ್ನು ಪಟ್ಟಿಯಿಂದ ಬಿಗಿಯಬೇಕು. ಜನ ತುಂಬಿದ ಮೇಲೆ ಅದನ್ನು ಮಾಡಿ ನೋಡಿ!

ಸುಮ್ಮನೆ ಸೋಮಾರಿತನಕ್ಕೆ ಗಾಡಿ ಹಿಡಿಯುವವರು ಇಲ್ಲವೇ? ಇರುತ್ತಾರೆ. ಇರಲಿ, ಬಾಡಿಗೆ ಕೊಟ್ಟಿದ್ದಾರೆ. ಅವರನ್ನು ಮುಖ ನೋಡಿ ಪತ್ತೆ ಹಚ್ಚುತ್ತೇನೆ ಎಂದು ಹೊರಟರೆ ಮೊದಲು ಸಿಕ್ಕಿಬೀಳುವುದು ನನ್ನಂಥವರು. ಹೇಗೆ ಓಡಿಸುತ್ತಾರೆ ಎಂಬುದನ್ನು ಮಾತ್ರ ಎಷ್ಟು ಬೇಕಾದರೂ ನೋಡಿ. ಅದು ಸಾರ್ವಜನಿಕ ವಿಷಯ, ಅದರಲ್ಲಿ ನನಗೂ ಸಿಟ್ಟಿದೆ. ಗುಂಪಿನ ನಡುವೆ ಮೊಲಕ್ಕೆ ತಿರುಪಿಟ್ಟುಕೊಂಡು ಹಾರನ್ ಒತ್ತುತ್ತಾ ನುಗ್ಗುವವರು, ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ಹಿಡಿಕೆಯನ್ನು ಅದರ ಕೈಗೇ ಕೊಡುವವರು, ಹೋಟೆಲಿನ ಬಾಗಿಲಿಗೆ ಅಡ್ಡಲಾಗಿ ಗಾಡಿ ನಿಲ್ಲಿಸಿ ಊಟಕ್ಕೆ ಹೋಗುವವರು. ಯಾರದೋ ಹಿಮ್ಮಡಿಗೆ ಗಾಡಿ ತಗುಲಿದರೆ ಕಾಯಿಲೆಯ ನೆಪ ಹೇಳುವಂತಿಲ್ಲ.

ನಡೆಯುವವರೂ ಸ್ವಲ್ಪ ಕೇಳಿಸಿಕೊಳ್ಳಬೇಕು. ಗಾಡಿಯ ಮುಂದೆ ಕಾಣುವ ಆ ಎರಡು ಅಡಿ ಜಾಗ ನಿಮಗಾಗಿ ಬಿಟ್ಟದ್ದಲ್ಲ. ಪಟ್ಟಿ ಬಿಟ್ಟ ಮೇಲೂ ಗಾಡಿ ಅಷ್ಟು ದೂರ ಉರುಳುತ್ತದೆ. ಅಲ್ಲಿಗೆ ಮಗುವಿನ ತಳ್ಳುಗಾಡಿ ನುಗ್ಗಿಸಿ, ಫೋನ್ ನೋಡುತ್ತಾ ತಟ್ಟನೆ ನಿಂತುಬಿಡುತ್ತಾರೆ. ನಿಮ್ಮ ಬೆನ್ನಿನ ಚೀಲ ಇರುವುದು ಸರಿಯಾಗಿ ನನ್ನ ಮುಖದ ಎತ್ತರಕ್ಕೆ. ಆರ್ಡರ್ ಏನೆಂದು ನನ್ನ ಹಿಂದೆ ನಿಂತ ಗಂಡನನ್ನು ಕೇಳಬೇಡಿ, ನಾಲಿಗೆಗೆ ಸಂಧಿವಾತ ಬಂದಿಲ್ಲ.

ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಶುರುವಾದ ಸೂರ್ಯಕಾಂತಿ ಹೂವಿನ ಕೊರಳಪಟ್ಟಿ ಒಂದಿದೆ, ಕಣ್ಣಿಗೆ ಕಾಣದ ತೊಂದರೆ ಇರುವವರಿಗೆಂದು. ಗೆಳತಿಯೊಬ್ಬಳು ನನಗೂ ತಂದುಕೊಟ್ಟಳು. ವಿಮಾನ ನಿಲ್ದಾಣದಲ್ಲಿ ಹಾಕಿಕೊಳ್ಳುತ್ತೇನೆ, ಸಿಬ್ಬಂದಿಗೆ ಅನುಕೂಲ. ಪಾರ್ಕಿನಲ್ಲಿ ಹಾಕುವುದಿಲ್ಲ. ರಜೆಯ ದಿನವೂ ಅಪರಿಚಿತರ ಸಮಾಧಾನಕ್ಕಾಗಿ ಕೊರಳಿಗೆ ಚೀಟಿ ತೂಗುಹಾಕಿಕೊಳ್ಳಲು ನನಗೆ ಮನಸ್ಸಿಲ್ಲ.

ಮುಂದಿನ ಸಲ ಬಂದಾಗ ತಮಗೂ ಒಂದು ಗಾಡಿ ಬೇಕು ಎನ್ನುತ್ತಿದ್ದಾರೆ ಅತ್ತೆ. ಮೊಣಕಾಲಿಗೆ ಏನಾಯಿತು ಎಂದು ಗಾಬರಿಯಿಂದ ಕೇಳಿದೆ. ಏನೂ ಆಗಿಲ್ಲವಂತೆ, ಓಡಿಸಲು ಆಸೆಯಂತೆ. ಹಿಂದಕ್ಕೆ ತೆಗೆಯುವುದನ್ನು ಕಲಿಯುವವರೆಗೆ ಕೀಲಿ ಕೊಡುವುದಿಲ್ಲ ಎಂದಿದ್ದೇನೆ.