ಸಾಂಕ್ರಾಮಿಕದ ಸಿನಿಮಾ ಸರಣಿ: ಮಾರ್ಚ್–ಏಪ್ರಿಲ್ 2020ರ ನೋಡುದಾಖಲೆ

ಮಾರ್ಚ್ 14, ಶನಿವಾರ

ಇಂದಿನಿಂದ ರಾಜ್ಯದ ಚಿತ್ರಮಂದಿರ, ಮಾಲ್, ಪಬ್‌ಗಳಿಗೆ ಒಂದು ವಾರ ಬೀಗ. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯದು ಎಂದು ಖಚಿತವಾದ ಮರುದಿನವೇ ಆದೇಶ ಬಂತು. ಬೆಂಗಳೂರು ಚಿತ್ರೋತ್ಸವ ಮುಗಿದದ್ದು ಮಾರ್ಚ್ 4ಕ್ಕೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸರದಿಯಲ್ಲಿ ನಿಂತು ನೋಡಿದವರೆಲ್ಲ ಈಗ ಮನೆಯ ಪರದೆಗೆ ಬರಬೇಕು. ಈ ವಾರ ತೆರೆಕಂಡ ಕನ್ನಡ ಚಿತ್ರಗಳಿಗಂತೂ ಮೊದಲ ವಾರಾಂತ್ಯವೂ ದಕ್ಕಲಿಲ್ಲ.

ಸಿಕ್ಕಿದ್ದನ್ನೆಲ್ಲ ನೋಡಿದರೆ ನಾಲ್ಕನೆಯ ಚಿತ್ರದ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಹಾಗಾಗಿ ಈ ಸರಣಿಗೆ ಒಂದೇ ವಿಷಯ: ರೋಗ ಹರಡುವುದನ್ನು ಸಿನಿಮಾ ಹೇಗೆ ತೋರಿಸಿದೆ. ಪ್ರತಿ ಚಿತ್ರಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ, ಪುಟಕ್ಕೆ ಐದು ಕಲಮು. ಒಂದು, ಮೊದಲ ರೋಗಿ ಯಾರು, ಚಿತ್ರ ಅದನ್ನು ಎಷ್ಟನೇ ನಿಮಿಷದಲ್ಲಿ ಬಿಟ್ಟುಕೊಡುತ್ತದೆ; ಎರಡು, ಸೋಂಕು ದಾಟುವ ದಾರಿ; ಮೂರು, ವಿಷಯ ಮೊದಲು ತಿಳಿದವರು ಯಾರಿಗೆ ಹೇಳಿದರು, ಯಾರಿಂದ ಮುಚ್ಚಿಟ್ಟರು; ನಾಲ್ಕು, ವದಂತಿ; ಐದು, ಶವಕ್ಕೆ ಏನಾಯಿತು. ನೋಡುತ್ತಿರುವಾಗ ನಿಮಿಷದ ಅಂಕಿಯನ್ನಷ್ಟೇ ಗೀಚಿಕೊಂಡು, ಉಳಿದದ್ದನ್ನು ಮುಗಿದ ಅರ್ಧ ಗಂಟೆಯೊಳಗೆ ತುಂಬಬೇಕು. ಮಧ್ಯೆ ನಿಲ್ಲಿಸಿ ಬರೆಯುತ್ತ ಕೂತರೆ ಚಿತ್ರದ ಲಯ ಕೈತಪ್ಪುತ್ತದೆ.

ಇನ್ನೊಂದು ಕಟ್ಟುನಿಟ್ಟು: ರೋಗದ ಚಿತ್ರ ಎರಡನ್ನು ಬೆನ್ನುಬೆನ್ನಿಗೆ ನೋಡುವಂತಿಲ್ಲ. ನಡುವೆ ಬೇರೇನಾದರೂ ಒಂದು ಇರಲಿ. ಚಿತ್ರ ಮುಗಿದ ಕೂಡಲೇ ಸುದ್ದಿವಾಹಿನಿ ಹಾಕಿದರೆ ಕತೆಯ ಭಯ, ಸುದ್ದಿಯ ಭಯ ಎರಡೂ ಕಲಸಿಹೋಗುತ್ತವೆ. ಆಮೇಲೆ ಎರಡನ್ನೂ ಸರಿಯಾಗಿ ತೂಗಿ ನೋಡಲಾಗುವುದಿಲ್ಲ.

ಮಾರ್ಚ್ 17

‘ಕಂಟೇಜನ್’ (2011, ಸ್ಟೀವನ್ ಸೋಡರ್‌ಬರ್ಗ್, 106 ನಿಮಿಷ). ಜಗತ್ತಿನ ಎಲ್ಲ ಕಡೆ ಜನ ಈಗ ಇದನ್ನೇ ಹುಡುಕುತ್ತಿದ್ದಾರೆ, ಅದಕ್ಕೆ ಕಾರಣವೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ವೈರಾಣುತಜ್ಞ ಇಯನ್ ಲಿಪ್ಕಿನ್ ಸಲಹೆಯಲ್ಲಿ, ನಿಪಾ ವೈರಸ್‌ನ ಮಾದರಿಯಲ್ಲಿ ಕಲ್ಪಿಸಿದ ರೋಗ ಇದು. ಚಿತ್ರ ‘ಎರಡನೇ ದಿನ’ದಿಂದ ಶುರುವಾಗುತ್ತದೆ; ಮೊದಲ ದಿನ ಕಟ್ಟಕಡೆಗೆ ಬರುತ್ತದೆ. ಆದ್ದರಿಂದ ಮೊದಲ ಕಲಮನ್ನು ಕೊನೆಯವರೆಗೂ ಖಾಲಿ ಬಿಟ್ಟಿರಬೇಕು.

ಎರಡು ಸಲ ನೋಡಬೇಕಾದ ದೃಶ್ಯ ಬಿಳಿ ಹಲಗೆಯದು. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನಕ್ಕೆ ಸೋಂಕು ತಗಲುತ್ತದೆ ಎಂಬುದನ್ನು ಕೇಟ್ ವಿನ್ಸ್ಲೆಟ್ ಪಾತ್ರ ಅಧಿಕಾರಿಗಳಿಗೆ ಬಿಡಿಸಿ ಹೇಳುತ್ತದೆ: ಫ್ಲೂ ಸುಮಾರು 1, ಸಿಡುಬು 3ಕ್ಕಿಂತ ಹೆಚ್ಚು, ಲಸಿಕೆ ಬರುವ ಮುಂಚಿನ ಪೋಲಿಯೊ 4ರಿಂದ 6. ಈ ಎರಡು ನಿಮಿಷ ಅರ್ಥವಾದರೆ ಪತ್ರಿಕೆಯಲ್ಲಿ ಬರುವ ಗ್ರಾಫ್‌ಗಳೂ ಅರ್ಥವಾಗುತ್ತವೆ.

ಅದೇ ಪಾತ್ರ ಹೇಳುವ ಇನ್ನೊಂದು ಲೆಕ್ಕವನ್ನು ಮಾತ್ರ ಹಾಗೇ ನಂಬಬಾರದು. ಮನುಷ್ಯ ದಿನಕ್ಕೆ ಎರಡು ಮೂರು ಸಾವಿರ ಸಲ ಮುಖ ಮುಟ್ಟಿಕೊಳ್ಳುತ್ತಾನೆ ಎನ್ನುವ ಮಾತದು. ಸಿಡ್ನಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕಿದ್ದು ಗಂಟೆಗೆ 23 ಸಲ. ಎಚ್ಚರವಿರುವ 16 ಗಂಟೆಗೆ ಲೆಕ್ಕ ಹಾಕಿದರೂ ನಾನೂರು ದಾಟುವುದಿಲ್ಲ. ಕೈ ತೊಳೆಯಲು ಅದು ಸಾಕಷ್ಟು ದೊಡ್ಡ ಕಾರಣವೇ. ವದಂತಿಯ ಕಲಮಿಗೆ: ಫೋರ್ಸಿತಿಯಾ ಎಂಬ ಗಿಡಮೂಲಿಕೆಯನ್ನು ಮದ್ದೆಂದು ಸಾರುವ ಬ್ಲಾಗಿಗ, ಔಷಧ ಅಂಗಡಿಯ ಮುಂದೆ ನೂಕುನುಗ್ಗಲು.

ಮಾರ್ಚ್ 22, ಜನತಾ ಕರ್ಫ್ಯೂ

ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಎಲ್ಲರೂ ಮನೆಯಲ್ಲೇ. ಎಲಿಯಾ ಕಜಾನ್‌ನ ‘ಪ್ಯಾನಿಕ್ ಇನ್ ದ ಸ್ಟ್ರೀಟ್ಸ್’ (1950, 96 ನಿಮಿಷ). ನ್ಯೂ ಆರ್ಲಿಯನ್ಸ್‌ನಲ್ಲಿ ಕೊಲೆಯಾದವನೊಬ್ಬನಿಗೆ ಶ್ವಾಸಕೋಶದ ಪ್ಲೇಗ್ ಇತ್ತೆಂದು ಗೊತ್ತಾಗುತ್ತದೆ. ಕೊಂದವರು ಈಗ ಸೋಂಕು ಹೊತ್ತು ಊರಲ್ಲಿ ತಿರುಗುತ್ತಿದ್ದಾರೆ, ಹಿಡಿಯಲು ಇರುವುದು 48 ಗಂಟೆ. ಸಂಪರ್ಕಿತರನ್ನು ಪತ್ತೆ ಮಾಡುವ ಕೆಲಸ ಪೊಲೀಸ್ ತನಿಖೆಗೆ ಎಷ್ಟು ಹತ್ತಿರ ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಚಿತ್ರ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಪತ್ರಿಕೆಗೆ ತಿಳಿಸಬೇಕೇ, ಬೇಡವೇ ಎಂಬ ಜಗಳ ಮೂರನೇ ಕಲಮನ್ನು ತುಂಬಿಬಿಡುತ್ತದೆ.

ಇಂಥ ಹಳೆಯ ಚಿತ್ರ ಹಾಕಿದಾಗ ಟಿವಿಯ ಸೆಟ್ಟಿಂಗ್ ಮೊದಲು ನೋಡಿ. ಇದರ ಚೌಕಟ್ಟಿನ ಅಗಲ–ಎತ್ತರದ ಅನುಪಾತ 1.37:1, ಟಿವಿಯದು 1.78:1. ಚಿತ್ರ ಪರದೆಯ ಅಗಲದ ಶೇ 77ರಷ್ಟನ್ನು ಮಾತ್ರ ತುಂಬಿ ಎರಡೂ ಬದಿ ಕಪ್ಪು ಪಟ್ಟಿ ಇದ್ದರೆ ಸರಿಯಾಗಿದೆ ಎಂದರ್ಥ. ಮುಖಗಳು ಅಗಲವಾಗಿ ಕಂಡರೆ ‘ಫುಲ್’ ಅಥವಾ ‘ಸ್ಟ್ರೆಚ್’ ಆನ್ ಆಗಿದೆ. ‘ಒರಿಜಿನಲ್’ ಅಥವಾ 4:3ಕ್ಕೆ ತನ್ನಿ. ‘ಝೂಮ್’ ಇನ್ನೂ ಕೆಟ್ಟದ್ದು, ತಲೆ ಮತ್ತು ಸಬ್‌ಟೈಟಲ್ ಎರಡನ್ನೂ ಕತ್ತರಿಸುತ್ತದೆ. ಮೋಷನ್ ಸ್ಮೂದಿಂಗ್ ಎಂಬುದನ್ನು ಎಲ್ಲ ಚಿತ್ರಕ್ಕೂ ಆಫ್ ಮಾಡಿಡಿ. ಅದು ಇಲ್ಲದ ಫ್ರೇಮುಗಳನ್ನು ತಾನೇ ಸೃಷ್ಟಿಸಿ ಸೇರಿಸುವುದರಿಂದ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ.

ಮಾರ್ಚ್ 25

ನಡುರಾತ್ರಿಯಿಂದ ದೇಶಕ್ಕೆ 21 ದಿನ ಲಾಕ್‌ಡೌನ್. ನೋಡುವವರಿಗೆ ಮುಖ್ಯವಾದ ಇನ್ನೊಂದು ನಿರ್ಧಾರವೂ ನಿನ್ನೆಯೇ ಆಗಿದೆ: ಏಪ್ರಿಲ್ 14ರವರೆಗೆ ಮೊಬೈಲ್ ನೆಟ್‌ವರ್ಕ್‌ನಲ್ಲಿ ಸ್ಟ್ರೀಮಿಂಗ್ ಗುಣಮಟ್ಟ 480ಪಿ (ಎಸ್‌ಡಿ, ಅಂದರೆ ಸಾಧಾರಣ ಸ್ಪಷ್ಟತೆ) ಮೀರುವುದಿಲ್ಲ. ಇದು ಒಳ್ಳೆಯ ನಿರ್ಧಾರ. ಕಚೇರಿ, ಪಾಠ ಎಲ್ಲ ಅದೇ ಟವರ್‌ಗಳ ಮೇಲೆ ಬಿದ್ದಿರುವಾಗ ಐದಿಂಚಿನ ಫೋನಿಗೆ ಎಚ್‌ಡಿ ಬೇಕಾಗಿಲ್ಲ.

ಈಗ ಡೇಟಾ ಲೆಕ್ಕ. ನೆಟ್‌ಫ್ಲಿಕ್ಸ್ ತಾನೇ ಕೊಡುವ ಅಂದಾಜು ಗಂಟೆಗೆ ಎಸ್‌ಡಿಗೆ 0.7 ಜಿಬಿ, ಎಚ್‌ಡಿಗೆ 3 ಜಿಬಿ, 4ಕೆಗೆ 7 ಜಿಬಿ. ಬಹುತೇಕರ ಫೋನಿನಲ್ಲಿರುವುದು ದಿನಕ್ಕೆ 1.5 ಜಿಬಿ ಪ್ಲಾನ್. ಎಸ್‌ಡಿಯಲ್ಲಿ 106 ನಿಮಿಷದ ಚಿತ್ರಕ್ಕೆ ಸುಮಾರು 1.25 ಜಿಬಿ ಬೇಕು, ಅಂದರೆ ಒಂದು ದಿನದ ಡೇಟಾದಲ್ಲಿ ಹಿಡಿಯುತ್ತದೆ. ಆಶಿಕ್ ಅಬು ಅವರ ಮಲಯಾಳಂ ಚಿತ್ರ ‘ವೈರಸ್’ (2019) 152 ನಿಮಿಷದ್ದು. ಅದಕ್ಕೆ ಸುಮಾರು 1.8 ಜಿಬಿ ಬೇಕಾದ್ದರಿಂದ ಕೊನೆಯ ಅರ್ಧ ಗಂಟೆ ಬಫರಿಂಗ್ ಚಕ್ರವೇ ಗತಿ. ದಾರಿ ಸುಲಭ. ದಿನದ ಕೋಟಾ ನಡುರಾತ್ರಿ 12ಕ್ಕೆ ಹೊಸದಾಗುತ್ತದೆ, ಚಿತ್ರವನ್ನು 10.45ಕ್ಕೆ ಶುರು ಮಾಡಿ. ಮೊದಲ 75 ನಿಮಿಷ ಇಂದಿನ ಲೆಕ್ಕಕ್ಕೆ, ಉಳಿದ 77 ನಾಳೆಯ ಲೆಕ್ಕಕ್ಕೆ. ಎರಡೂ ಕಡೆ 0.9 ಜಿಬಿಯಷ್ಟೇ. ಇಂದು ಬೆಳಗಿನ ವಾಟ್ಸ್‌ಆ್ಯಪ್ ವಿಡಿಯೊಗಳು ಎಷ್ಟು ತಿಂದಿವೆ ಎಂದು ಮೊದಲೇ ನೋಡಿಕೊಳ್ಳಬೇಕು, ಅಷ್ಟೇ.

ಬ್ರಾಡ್‌ಬ್ಯಾಂಡ್ ಇರುವ ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಚಿತ್ರ ತಡೆದು ತಡೆದು ಬರುವುದಕ್ಕೆ ಲೈನೇ ಕಾರಣವಾಗಿರಬೇಕಿಲ್ಲ. ಎಲ್ಲ ಮನೆಯ ವೈಫೈಯೂ 2.4 ಗಿಗಾಹರ್ಟ್ಸ್‌ನಲ್ಲಿ ಒಟ್ಟಿಗೇ ಕೂಗುತ್ತಿರುತ್ತದೆ, ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ರೂಟರ್ ಟಿವಿ ಇರುವ ಕೋಣೆಯಲ್ಲೇ ಇದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ. ನಡುವೆ ಎರಡು ಗೋಡೆ ಇದ್ದರೆ ಅದೂ ಸೋಲುತ್ತದೆ. ಆಗ ಲ್ಯಾನ್ ಕೇಬಲ್ ಎಳೆಯುವುದೇ ಖಾತರಿ. ಇಲ್ಲವಾದರೆ ಬೆಳಿಗ್ಗೆ ಆರಕ್ಕೆ ಡೌನ್‌ಲೋಡ್ ಮಾಡಿಟ್ಟು ರಾತ್ರಿ ನೋಡಿ. ಕೆಲವು ಚಿತ್ರಗಳ ಡೌನ್‌ಲೋಡ್‌ಗೆ ಪ್ಲೇ ಒತ್ತಿದ ಮೇಲೆ 48 ಗಂಟೆಯ ಗಡುವಿರುತ್ತದೆ. ಸರಿಯಾಗಿ ಇಳಿದಿದೆಯೇ ಎಂದು ಪರೀಕ್ಷಿಸಲು ಪ್ಲೇ ಒತ್ತಬೇಡಿ.

‘ವೈರಸ್’ ಬಗ್ಗೆ: 2018ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಹಬ್ಬಿದ ನಿಪಾ ಸೋಂಕಿನ ಕತೆ. ಸತ್ತವರು 17 ಮಂದಿ. ಒಬ್ಬೊಬ್ಬ ರೋಗಿಯೂ ಯಾವ ಆಸ್ಪತ್ರೆಯ ಯಾವ ಓಣಿಯಲ್ಲಿ ಯಾರ ಪಕ್ಕದಲ್ಲಿದ್ದ ಎಂದು ಕೊಂಡಿ ಜೋಡಿಸುವುದೇ ಕತೆಯ ಬೆನ್ನೆಲುಬು. ಪಾತ್ರಗಳು ಬಹಳ, ಕಾಲ ಹಿಂದೆ ಮುಂದೆ ಓಡುತ್ತದೆ. ಹೆಸರುಗಳನ್ನು ಬಾಣದ ಗುರುತಿನಿಂದ ಜೋಡಿಸುತ್ತ ಹೋದರೆ ಮಾತ್ರ ಹಿಡಿತ ಸಿಗುತ್ತದೆ. ಈ ಸರಣಿಯಲ್ಲಿ ಮನಸ್ಸಿಗೆ ಹೆಚ್ಚು ಧೈರ್ಯ ಕೊಡುವ ಚಿತ್ರ ಇದೇ.

ಮಾರ್ಚ್ 29

‘ಸಂಸ್ಕಾರ’ (1970, ಪಟ್ಟಾಭಿರಾಮ ರೆಡ್ಡಿ). ಜಾತಿ, ಧರ್ಮ, ಕಾಮದ ಚಿತ್ರವೆಂದೇ ಇದನ್ನು ಐವತ್ತು ವರ್ಷ ಚರ್ಚಿಸಿದ್ದೇವೆ. ಈ ವಾರ ಐದು ಕಲಮು ಹಿಡಿದು ನೋಡಿದರೆ ಇದು ಅಚ್ಚುಕಟ್ಟಾದ ಪ್ಲೇಗ್ ಚಿತ್ರವೂ ಹೌದು. ಶಿವಮೊಗ್ಗಕ್ಕೆ ಹೋಗಿ ಜ್ವರ ತಂದ ನಾರಣಪ್ಪ ಮೊದಲ ರೋಗಿ. ಇಲಿಗಳು ಸಾಯತೊಡಗಿದರೂ ಅಗ್ರಹಾರದ ಚರ್ಚೆ ಮಾತ್ರ ಶವಕ್ಕೆ ಸಂಸ್ಕಾರ ಮಾಡುವ ಅಧಿಕಾರ ಯಾರಿಗೆ ಎಂಬಲ್ಲೇ ನಿಂತಿರುತ್ತದೆ. ಗ್ರಂಥ ತಿರುವುತ್ತ ಕಳೆದ ಹೊತ್ತೇ ರೋಗಕ್ಕೆ ಸಿಕ್ಕ ಹೊತ್ತು. ಐದನೇ ಕಲಮು, ಶವಕ್ಕೆ ಏನಾಯಿತು ಎಂಬುದು, ಬೇರೆ ಚಿತ್ರಗಳಲ್ಲಿ ಒಂದು ಸಾಲು. ಇಲ್ಲಿ ಇಡೀ ಕತೆಯೇ ಅದು. ನಾರಣಪ್ಪನ ಸಂಗಾತಿ ಚಂದ್ರಿ ರಾತ್ರಿಯಲ್ಲೇ ದಹನ ಮುಗಿಸಿದ್ದು ಅಗ್ರಹಾರಕ್ಕೆ ಗೊತ್ತೇ ಆಗುವುದಿಲ್ಲ. ಕೊರೊನಾದಿಂದ ಸತ್ತವರ ದೇಹ ಮುಟ್ಟದೆ ಯಾವ ವಿಧಿಗಳನ್ನು ಮಾಡಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಇದೇ ತಿಂಗಳು ಮಾರ್ಗಸೂಚಿ ಹೊರಡಿಸಿದೆ. ಅದನ್ನು ಓದಿ ಈ ಚಿತ್ರ ನೋಡಿದವರಿಗೆ, ಸಂಸ್ಕಾರದ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಪಂಡಿತ ಪ್ರಾಣೇಶಾಚಾರ್ಯರ ಸಂಕಟ ಬೇರೆಯೇ ರೀತಿ ತಟ್ಟುತ್ತದೆ.

ಪಕ್ಕಟಿಪ್ಪಣಿ: 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದರಿಂದಲೇ ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳ ಬಡಾವಣೆಗಳು ಬೇಗ ಬೆಳೆದವು, ಊರಲ್ಲಿ ಪ್ಲೇಗಮ್ಮನ ಗುಡಿಗಳಾದವು. ಈಗ ರಾಜ್ಯ ಸರ್ಕಾರ ಬಳಸುತ್ತಿರುವ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಮುಂಬೈ ಪ್ಲೇಗ್ ಕಾಲದ್ದೇ, 1897ರದ್ದು.

ಹಳೆಯ ಕನ್ನಡ ಚಿತ್ರಗಳ ಯೂಟ್ಯೂಬ್ ಪ್ರತಿಗಳು ಎಷ್ಟೋ ವಿಸಿಡಿಯಿಂದ (ಹಳೆಯ ವಿಡಿಯೊ ಸಿಡಿಯಿಂದ) ಬಂದವು. ವಿಸಿಡಿಯ ಮೂಲ ಗಾತ್ರವೇ 352×288 ಪಿಕ್ಸೆಲ್. ‘1080ಪಿ’ ಎಂದು ಬರೆದಿದ್ದರೂ ಒಳಗಿರುವುದು ಅಷ್ಟೇ, ಡೇಟಾ ಮಾತ್ರ ಹಲವು ಪಟ್ಟು ಹೋಗುತ್ತದೆ. 360ಪಿಯಲ್ಲೇ ಲ್ಯಾಪ್‌ಟಾಪಿನ ಅರ್ಧ ಕಿಟಕಿಯಲ್ಲಿ ನೋಡಿ. 43 ಇಂಚಿನ ಟಿವಿಗೆ ಹಾಕಿದರೆ ಮುಖವೆಲ್ಲ ಚೌಕಳಿ.

ಏಪ್ರಿಲ್ 5

ರಾತ್ರಿ 9ಕ್ಕೆ 9 ನಿಮಿಷ ದೀಪ ಆರಿಸುವ ಕರೆ. ಆರಿಸಬೇಕಾದ್ದು ದೀಪ ಮಾತ್ರ, ಫ್ಯಾನು, ಫ್ರಿಜ್ ನಡೆಯುತ್ತಿರಲಿ ಎಂದು ಸೂಚನೆ ಇದೆ. ಹಾಗಾಗಿ ಟಿವಿಯೂ ನಡೆಯಬಹುದು.

ಇಂದಿನದು ಮುರ್ನೌನ ಮೂಕಿಚಿತ್ರ ‘ನೊಸ್ಫೆರಾಟು’ (1922). ರಕ್ತಪಿಶಾಚಿಯ ಜತೆ ಹಡಗಿನಲ್ಲಿ ಇಲಿಗಳು ಬಂದು ಊರಿಗೆ ಪ್ಲೇಗ್ ಹಬ್ಬುತ್ತದೆ. ಪ್ರತಿಯ ಆಯ್ಕೆಯಲ್ಲಿ ಎಡವಬೇಡಿ. ಸೆಕೆಂಡಿಗೆ 18 ಫ್ರೇಮಿನಲ್ಲಿ ಓಡಬೇಕಾದದ್ದನ್ನು 24ರಲ್ಲಿ ಓಡಿಸಿದರೆ 94 ನಿಮಿಷದ ಚಿತ್ರ 70ಕ್ಕೆ ಇಳಿದು, ಭಯ ಹುಟ್ಟಿಸಬೇಕಾದ ನಡಿಗೆ ಕುಪ್ಪಳಿಸಿದಂತೆ ಕಾಣುತ್ತದೆ. ಅಂಥದೇ ಸಿಕ್ಕರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ ಸಂಗೀತ ಮ್ಯೂಟ್ ಮಾಡಿ. ರಾತ್ರಿ ದೃಶ್ಯಗಳನ್ನು ಹಗಲಲ್ಲೇ ತೆಗೆದು ಪ್ರಿಂಟಿಗೆ ನೀಲಿ ಬಣ್ಣ ಕೊಟ್ಟಿದ್ದರು. ಬಣ್ಣವಿಲ್ಲದ ಪ್ರತಿಯಲ್ಲಿ ಪಿಶಾಚಿ ಬಿಸಿಲಲ್ಲಿ ಓಡಾಡುತ್ತದೆ, ಕತೆಯ ತರ್ಕವೇ ಕೆಡುತ್ತದೆ. ನೀಲಿ, ಹಳದಿ ಛಾಯೆ ಇರುವ ಪುನರುಜ್ಜೀವಿತ ಪ್ರತಿಯನ್ನೇ ಹುಡುಕಿ.

ಏಪ್ರಿಲ್ 10

ಬೇರೆ ಬೇರೆ ಮನೆಗಳಲ್ಲಿ ಕೂತು ಒಟ್ಟಿಗೆ ನೋಡುವುದು. ನೆಟ್‌ಫ್ಲಿಕ್ಸ್ ಪಾರ್ಟಿ ಎಂಬ ಎಕ್ಸ್‌ಟೆನ್ಷನ್ ಕಂಪ್ಯೂಟರಿನ ಕ್ರೋಮ್ ಬ್ರೌಸರ್‌ನಲ್ಲಿ ಕೆಲಸ ಮಾಡುತ್ತದೆ, ಪ್ರತಿಯೊಬ್ಬರಿಗೂ ಖಾತೆ ಬೇಕು. ಊರಿನ ಅಪ್ಪ ಅಮ್ಮ ಟಿವಿಯಲ್ಲಿ ನೋಡುವುದಾದರೆ ಅದು ಆಗದು. ಫೋನಿನಲ್ಲಿ ‘ಮೂರು, ಎರಡು, ಒಂದು’ ಎಂದು ಒಟ್ಟಿಗೆ ಪ್ಲೇ ಒತ್ತುವುದೇ ಸರಿ. ಬಫರಿಂಗ್‌ನಿಂದ ಕೆಲವು ಸೆಕೆಂಡ್ ಹಿಂದೆ ಬೀಳುವುದು ಖಂಡಿತ, ಅರ್ಧ ಗಂಟೆಗೊಮ್ಮೆ ನಿಮಿಷ ಹೋಲಿಸಿ ಸರಿಪಡಿಸಿಕೊಳ್ಳಿ. ಹಾಸ್ಯಚಿತ್ರಕ್ಕೆ ಈ ವ್ಯತ್ಯಾಸ ಬಹಳ ಕಾಡುತ್ತದೆ. ನಡುವಿನ ಬಿಡುವಿನ ಚಿತ್ರವಾಗಿ ಹಲವರು ‘ದಿಯಾ’ ಆರಿಸುತ್ತಿದ್ದಾರೆ. ಫೆಬ್ರುವರಿಯಲ್ಲಿ ಚಿತ್ರಮಂದಿರದಲ್ಲಿ ನೋಡಲಾಗದವರಿಗೆ ಅದು ಈಗ ಮನೆಯಲ್ಲೇ ಸಿಗುತ್ತಿರುವುದು ಸಂತೋಷದ ವಿಷಯ.

ಸಬ್‌ಟೈಟಲ್ ಕಡತ ಬೇರೆಯಾಗಿದ್ದರೆ ಎರಡು ತೊಂದರೆ. ಆರಂಭದಿಂದಲೇ ಒಂದೇ ಅಂತರದಲ್ಲಿ ತಪ್ಪಿದ್ದರೆ ವಿಎಲ್‌ಸಿಯಲ್ಲಿ ಜಿ ಅಥವಾ ಎಚ್ ಕೀ ಒತ್ತಿದರೆ ಸಾಕು. ಮೊದಲು ಸರಿಯಿದ್ದು ಬರಬರುತ್ತ ದೂರವಾದರೆ ಫ್ರೇಮ್ ದರ ಬೇರೆ: 25ಕ್ಕೆ ಮಾಡಿದ್ದನ್ನು 23.976ರ ಪ್ರತಿಗೆ ಹಾಕಿದರೆ ನೂರು ನಿಮಿಷಕ್ಕೆ ನಾಲ್ಕು ನಿಮಿಷದಷ್ಟು ಜಾರುತ್ತದೆ. ಕೀ ಒತ್ತಿ ಪ್ರಯೋಜನವಿಲ್ಲ, ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ದರ ಬದಲಿಸಿ ಉಳಿಸಿ. ಕನ್ನಡ ಸಬ್‌ಟೈಟಲ್‌ನಲ್ಲಿ ಬರೀ ಚೌಕಗಳು ಕಂಡರೆ ಫಾಂಟ್ ಇಲ್ಲ. ವಿಚಿತ್ರ ಚಿಹ್ನೆಗಳು ಕಂಡರೆ ಎನ್‌ಕೋಡಿಂಗ್ ಯುಟಿಎಫ್-8 ಆಗಿಲ್ಲ. ಒತ್ತಕ್ಷರ ಬಿಡಿಬಿಡಿಯಾದರೆ ಟಿವಿಯ ಪ್ಲೇಯರಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಮೂರನೆಯದಕ್ಕೆ ಲ್ಯಾಪ್‌ಟಾಪನ್ನು ಎಚ್‌ಡಿಎಂಐಯಲ್ಲಿ ಟಿವಿಗೆ ಜೋಡಿಸುವುದೊಂದೇ ಉಪಾಯ.

ಏಪ್ರಿಲ್ 14

ಲಾಕ್‌ಡೌನ್ ಮೇ 3ರವರೆಗೆ ಮುಂದುವರಿದಿದೆ. ಉಳಿದವು: ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ (1957, 96 ನಿಮಿಷ), ವಿಸ್ಕೊಂಟಿಯ ‘ಡೆತ್ ಇನ್ ವೆನಿಸ್’ (1971). ಎರಡನೆಯದರಲ್ಲಿ ಪ್ರವಾಸಿಗರು ಓಡಿಹೋಗುತ್ತಾರೆಂದು ಊರು ಕಾಲರಾ ಸುದ್ದಿಯನ್ನು ಮುಚ್ಚಿಡುತ್ತದೆ. ಮೂರನೇ ಕಲಮಿಗೆ ಎರಡು ಪುಟ ಬಿಟ್ಟುಕೊಳ್ಳಿ. ಎರಡಕ್ಕೂ ನಡುವೆ ಒಂದು ಹಾಸ್ಯಚಿತ್ರ. ರಾತ್ರಿ 10.45ಕ್ಕೆ ಶುರು ಮಾಡುವ ಡೇಟಾ ಲೆಕ್ಕ ಈಗಲೂ ಅನ್ವಯಿಸುತ್ತದೆ.