ಕಳ್ಳ ಬಂದ್ರೆ ಯಾರಿಗ್ ಫೋನ್ ಮಾಡ್ತೀಯಾ?

ಅಮೆರಿಕದ ಅಟ್ಲಾಂಟಾದಿಂದ ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದಾಗಿನಿಂದ ಮದುವೆ, ನಾಮಕರಣ, ತಿಥಿ, ಎಲ್ಲಿಗ್ ಹೋದ್ರೂ ಇದೊಂದು ಪ್ರಶ್ನೆ ನನಗೋಸ್ಕರ ಕಾಯ್ತಿರುತ್ತೆ. "ಅಲ್ಲಿ ಪೊಲೀಸ್ ಟ್ರೈನಿಂಗ್ ಸೆಂಟರ್ ಕಟ್ಬೇಡಿ ಅಂತ ಹೋರಾಟ ಮಾಡಿದ್ಯಂತೆ, ಹಂಗಾದ್ರೆ ಮನೆಗೆ ಕಳ್ಳ ಬಂದ್ರೆ ಯಾರಿಗ್ ಫೋನ್ ಮಾಡ್ತೀಯಾ?" ಕೇಳಿದ್ಮೇಲೆ ಪಕ್ಕದೋರ ಮುಖ ಒಂದ್ಸಲ ನೋಡ್ತಾರೆ, ಹೆಂಗೆ ಸಿಗಾಕಿಸ್ದೆ ಅನ್ನೋ ಥರ.

ಪೊಲೀಸರಿಗೇ ಮಾಡ್ತೀನಿ. ಇನ್ಯಾರಿಗೆ, ಫೈರ್ ಎಂಜಿನ್ನಿಗಾ? (ಆ ಸೆಂಟರಲ್ಲಿ ಅವರಿಗೂ ಟ್ರೈನಿಂಗ್ ಕೊಡ್ತಾರೆ ಅನ್ನೋದು ಬೇರೆ ಮಾತು.) ಟ್ರೈನಿಂಗ್ ಸೆಂಟರ್ ಇಲ್ಲಿ ಬೇಡ ಅಂದೋರೆಲ್ಲ ಕಳ್ಳರ ಕಡೆಯೋರು ಅನ್ನೋದಾದ್ರೆ, ಬಸ್ ಸ್ಟ್ಯಾಂಡ್ ಇಲ್ಲಿ ಬೇಡ ಅಂದೋರೆಲ್ಲ ಬೆಂಗಳೂರಿಗೆ ನಡ್ಕೊಂಡೇ ಹೋಗ್ಬೇಕು.

ಇನ್ನು ಆ "ಹೋರಾಟ". ನಾನು ಮಾಡಿದ್ದು ಚಿತ್ರಾನ್ನ. ವೀಸಾದಲ್ಲಿದ್ದೋಳು, ಮೈಕ್ ಹಿಡಿಯೋ ಧೈರ್ಯ ಇರ್ಲಿಲ್ಲ. 2023ರ ಜೂನ್ 5ಕ್ಕೆ ಸಿಟಿ ಕೌನ್ಸಿಲ್ಲಲ್ಲಿ ಆ ಸೆಂಟರ್‌ಗೆ ದುಡ್ಡು ಕೊಡೋ ವೋಟಿಂಗ್ ಇತ್ತು, ಜನ ಸರದಿಯಲ್ಲಿ ನಿಂತು ಒಬ್ಬೊಬ್ಬರಾಗಿ ಬೇಡ ಬೇಡ ಅಂತ 14 ಗಂಟೆಗೂ ಹೆಚ್ಚು ಹೊತ್ತು ಮಾತಾಡಿದ್ರು, ನಾನು ಅಲ್ಯೂಮಿನಿಯಂ ಟ್ರೇ ತುಂಬ ಚಿತ್ರಾನ್ನ ತಗೊಂಡೋಗಿ ಹೊರಗಡೆ ಹಂಚ್ದೆ, ಕಡ್ಲೇಬೀಜ ಅಲರ್ಜಿ ಇದೆಯಾ ಅಂತ ಪ್ರತಿಯೊಬ್ಬರನ್ನೂ ಕೇಳಿ ಕೇಳಿ ಗಂಟಲು ಬಿತ್ತು, ಇಷ್ಟೇ ನನ್ನ ಕ್ರಾಂತಿ. ಬೆಳಗಿನ ಜಾವ ಐದೂವರೆ ಹೊತ್ತಿಗೆ 11-4ರಲ್ಲಿ ದುಡ್ಡು ಪಾಸಾಯ್ತು. ರಾತ್ರಿಯೆಲ್ಲ ಮಾತಾಡಿದೋರಲ್ಲಿ ಬೇಕು ಅಂದೋರು ಬೆರಳೆಣಿಕೆ, ಆದ್ರೂ 11-4.

ಹೋದ ತಿಂಗಳು ಅಕ್ಕನ ಮನೆ ಗೃಹಪ್ರವೇಶದಲ್ಲಿ ಚಿಕ್ಕಪ್ಪ ಪಕ್ಕದೆಲೆಗೇ ಕೂತ್ರು. ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್, ಚನ್ನಪಟ್ಟಣದಲ್ಲಿ ಟ್ರೈನಿಂಗ್ ಆದೋರು, ಅಲ್ಲಿನ ಮೈದಾನದ ಬಿಸಿಲು ಇವತ್ತಿಗೂ ಅವರ ಮಾತಲ್ಲಿ ಬರುತ್ತೆ. ಕೋಸಂಬರಿ ಬೀಳೋಕ್ ಮುಂಚೆನೇ ಶುರು. "ಏನಮ್ಮಾ, ಪೊಲೀಸರು ಟ್ರೈನಿಂಗ್ ಇಲ್ದೇ ಡ್ಯೂಟಿ ಮಾಡ್ಬೇಕಾ?"

ಅಲ್ಲಿದ್ದಿದ್ದು ಕಾಡು ಚಿಕ್ಕಪ್ಪ, ಅಂದೆ. ಮಸ್ಕೋಗಿ ಅನ್ನೋ ಮೂಲನಿವಾಸಿಗಳದ್ದು, ಅವರನ್ನ ಓಡಿಸಿದ್ಮೇಲೆ ಕೈದಿಗಳ ಕೈಲಿ ಬೇಸಾಯ ಮಾಡ್ಸೋ ಜೈಲ್ ಫಾರ್ಮ್ ಆಯ್ತು, ಅದೂ ಮುಚ್ಚಿ ಮರ ಬೆಳ್ಕೊಂಡ್ವು. 2017ರಲ್ಲಿ ಸಿಟಿಯೋರ ಪ್ಲಾನಲ್ಲೇ ಆ ಕಾಡು ಊರಿಗೆ ಶ್ವಾಸಕೋಶ ಅಂತ ಬರೆದಿತ್ತು. 2021ರಲ್ಲಿ 85 ಎಕರೆಯಲ್ಲಿ ಸೆಂಟರ್ ಕಟ್ಟೋಕೆ ಅಂತ ಆ ಜಾಗ ಒಂದು ಖಾಸಗಿ ಪೊಲೀಸ್ ಫೌಂಡೇಶನ್ನಿಗೆ ಲೀಸ್, ಬಾಡಿಗೆ ವರ್ಷಕ್ಕೆ 10 ಡಾಲರ್. ಡ್ರಿಲ್ ಮಾಡೋಕೆ ಒಳಗೆ ಒಂದು ಸುಳ್ಳು ಊರೇ ಕಟ್ತೀವಿ ಅಂದ್ರು, ಮನೆ, ಅಂಗಡಿ ಎಲ್ಲ, ಅದಕ್ಕೇ ಜನ ಕಾಪ್ ಸಿಟಿ ಅಂತ ಹೆಸರಿಟ್ರು. ಸಾರ್ವಜನಿಕರ ದುಡ್ಡು ಬರೀ 3 ಕೋಟಿ ಡಾಲರ್ ಅಂದಿದ್ರು, 2023ಕ್ಕೆ ಅದು 6.7 ಕೋಟಿ ಆಗಿತ್ತು.

"ಎಸ್ಟಿಮೇಟ್ ಅಂದ್ರೆ ಹಂಗೇ," ಅಂದ್ರು ಚಿಕ್ಕಪ್ಪ, ಮೊದಲ ಸಲ ನನ್ನ ಕಡೆಗೆ ಒಂಚೂರು ವಾಲಿ. ಆದ್ರೆ ತಕ್ಷಣ, "ಬುಲ್ಡೋಜರ್‌ಗೆ ಬೆಂಕಿ ಹಾಕಿದ್ರಲ್ಲ, ವಾಟ್ಸಾಪಲ್ಲಿ ನೋಡಿದೀನಿ."

ಹಾಕಿದ್ರು. ಇಲ್ಲ ಅನ್ನಲ್ಲ. 2023ರ ಮಾರ್ಚಲ್ಲಿ. ಅವತ್ತು ಹಿಡಿದೋರಲ್ಲಿ 23 ಜನರ ಮೇಲೆ ಭಯೋತ್ಪಾದನೆ ಕೇಸು. ಅದಕ್ಕೂ ಮುಂಚೆ ಜನವರಿಯಲ್ಲಿ ಕಾಡಲ್ಲಿ ಟೆಂಟ್ ಹಾಕಿದ್ದ 26 ವರ್ಷದ ಒಬ್ರನ್ನ ಪೊಲೀಸರು ಗುಂಡಿಟ್ಟು ಕೊಂದ್ರು, ಟೆಂಟಲ್ಲಿದ್ದೋರೇ ಮೊದಲು ಗುಂಡು ಹಾರಿಸಿದ್ದು ಅಂತ ಪೊಲೀಸರ ಮಾತು, ಪೋಸ್ಟ್‌ಮಾರ್ಟಂನಲ್ಲಿ 57 ಗುಂಡಿನ ಗಾಯ. ಈ ಸಂಖ್ಯೆ ಹೇಳಿದ್ಮೇಲೆ ಚಿಕ್ಕಪ್ಪ ಸ್ವಲ್ಪ ಹೊತ್ತು ಅನ್ನ ಕಲಸ್ತಾನೇ ಇದ್ರು.

ನನಗೆ ಯಾರೂ ಕೇಳದೇ ಇರೋದು ಏನಂದ್ರೆ, ಅಲ್ಲಿ ಅಕ್ಕಪಕ್ಕದಲ್ಲಿದ್ದೋರು ಏನಂದ್ರು ಅನ್ನೋದು. ಯಾಕಂದ್ರೆ ಅವರಿಗೆ ಓಟೇ ಇರ್ಲಿಲ್ಲ! ಜಾಗ ಅಟ್ಲಾಂಟಾ ಸಿಟಿದು, ಆದ್ರೆ ಇರೋದು ಸಿಟಿ ಗಡಿಯಿಂದಾಚೆ ಡಿಕಾಲ್ಬ್ ಕೌಂಟಿಯಲ್ಲಿ. ಗುಂಡಿನ ಸದ್ದು ಕೇಳ್ಬೇಕಾದೋರು ಒಂದ್ ಕಡೆ, ಓಟು ಹಾಕೋರು ಇನ್ನೊಂದ್ ಕಡೆ.

ಇದನ್ನ ಚಿಕ್ಕಬಳ್ಳಾಪುರದೋರಿಗೆ ಬಿಡಿಸಿ ಹೇಳ್ಬೇಕಾ? ಹೆಬ್ಬಾಳ ನಾಗವಾರದ ಚರಂಡಿ ನೀರನ್ನ ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡೋ ಯೋಜನೆ ಬಂದಾಗ, ಮೂರನೇ ಹಂತನೂ ಮಾಡಿ ಅಂತ ಧರಣಿಗೆ ಹೋಗಿ ಕೂತೋರು ಇದೇ ಚಿಕ್ಕಪ್ಪ. "ಬೆಂಗಳೂರೋರ ಕಕ್ಕಸ್ ನೀರು ನಮ್ ಕೆರೆಗೆ, ನಮ್ಮನ್ನ ಕೇಳಿದ್ರಾ?" ಅಂತ ಮನೆಯಲ್ಲಿ ಬಾಯ್ ಬಾಯ್ ಬಡ್ಕೊಂಡಿದ್ದೂ ಅವರೇ. ಈಗ ಬೋರಲ್ಲಿ ನೀರು ಬಂದಿದೆ, ತೋಟದಲ್ಲಿ ಗುಲಾಬಿ ಇದೆ, ಆದ್ರೂ ಕುಡಿಯೋಕೆ ಮಾತ್ರ ಕ್ಯಾನ್ ನೀರೇ. ನೆನಪಿಸ್ದೆ. ಆಗ ನಿಮಗೆ ಯಾರಾದ್ರೂ ಬಾಯಾರಿದ್ರೆ ಏನ್ ಕುಡೀತೀರಾ ಅಂತ ಕೇಳಿದ್ರಾ ಅಂದೆ.

"ಅದು ಬೇರೆ, ಇದು ಬೇರೆ." ಹೋಳಿಗೆ ಬಂತು, ತುಪ್ಪ ಬಂತು. ಆಮೇಲೆ ಅವರೇ, "ಸರಿ, ಓಟಿದ್ದೋರಾದ್ರೂ ಏನ್ ಮಾಡಿದ್ರು?"

ಸಹಿ ಹಾಕಿದ್ರು ಅಂದೆ. ಆ ಲೀಸ್ ರದ್ದು ಮಾಡೋದನ್ನ ಜನಮತಕ್ಕೆ ಹಾಕಿ ಅಂತ. ಬೇಕಾಗಿದ್ದಿದ್ದು 58,000 ಚಿಲ್ಲರೆ, 1,16,000ಕ್ಕೂ ಹೆಚ್ಚು ತಂದು 2023ರ ಸೆಪ್ಟೆಂಬರಲ್ಲಿ ಬಾಕ್ಸ್‌ಗಟ್ಲೆ ಕೊಟ್ರು. ಗಡುವಿನ ವಿಷಯ ಕೋರ್ಟಲ್ಲಿದೆ ಅಂತ ಹೇಳಿ ಸಿಟಿಯೋರು ಸಹಿಗಳನ್ನ ತಾಳೆ ನೋಡೋದಿಕ್ಕೇ ಶುರು ಮಾಡ್ಲಿಲ್ಲ. ಮತದಾನ ಆಗ್ಲೇ ಇಲ್ಲ, 2025ರಲ್ಲಿ ಸೆಂಟರ್ ಓಪನ್ ಆಯ್ತು.

ಚಿಕ್ಕಪ್ಪ ಸ್ಟೇಷನ್ನಲ್ಲಿ ಮೂವತ್ತು ವರ್ಷ ಅರ್ಜಿ ತಗೊಂಡೋರು. ಕೈಯಲ್ಲಿದ್ದ ಹೋಳಿಗೆ ತುಂಡು ಎಲೆಗೇ ವಾಪಸ್ ಇಟ್ರು. "ಬಾಕ್ಸ್ ತಗೊಂಡ್ರು ಅಂತೀಯ, ನೋಡ್ಲಿಲ್ಲ ಅಂತೀಯ. ನೋಡೋದಿಲ್ಲ ಅಂದ್ಮೇಲೆ ತಗೊಂಡಿದ್ದಾದ್ರೂ ಯಾಕಮ್ಮಾ?"

ಹಾಂ, ಇದನ್ನ ಕೇಳಿ ಚಿಕ್ಕಪ್ಪ, ಕಳ್ಳನ ವಿಷಯ ಆಮೇಲೆ ನೋಡೋಣ ಅಂದೆ.