‘ರಿಸಲ್ಟ್ ಬರಲಿಲ್ಲ’ ಅನ್ನೋ ರಿಪೋರ್ಟು

ಬಸುರಿಯರ ಎನ್‌ಐಪಿಟಿ (ತಾಯಿಯ ರಕ್ತದಿಂದಲೇ ಮಗುವಿನ ಕ್ರೋಮೋಸೋಮಿನ ತೊಂದರೆ ಹುಡುಕುವ ಪರೀಕ್ಷೆ) ರಕ್ತದ ಟ್ಯೂಬುಗಳನ್ನು ನಮ್ಮ ಲ್ಯಾಬಿನಲ್ಲಿ ನೋಡಿಕೊಳ್ಳುವವಳು ನಾನೇ. ಫ್ರಿಜ್ಜಿಗೆ ಇಡಬಾರದು, ಜೋರಾಗಿ ಕುಲುಕಬಾರದು. ತಾಯಿಯ ಬಿಳಿ ರಕ್ತಕಣ ಒಡೆದರೆ ಅವಳದೇ ಡಿಎನ್‌ಎ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ತುಂಬಿಕೊಂಡು, ಮಗುವಿನ ಪಾಲು ಕಾಣದಂತಾಗುತ್ತದೆ. ಮೊದಲೇ ಅದು ಸಣ್ಣ ಪಾಲು. ಹತ್ತು ವಾರ ದಾಟಿದ ಮೇಲೆ ಪ್ಲಾಸ್ಮಾದ ಡಿಎನ್‌ಎಯಲ್ಲಿ ಸುಮಾರು ಶೇಕಡ 10. ಶೇಕಡ 4ಕ್ಕಿಂತ ಕೆಳಗಿದ್ದರೆ ಎಷ್ಟೋ ಲ್ಯಾಬುಗಳು ಫಲಿತಾಂಶ ಕೊಡುವುದಿಲ್ಲ.

ಮಗುವಿನ ಪಾಲು ಅಂತೀವಿ, ನಿಜವಾಗಿ ಅದು ಬರುವುದು ಮಾಸಿನಿಂದ. ಮಾಸಿನ ಜೀವಕೋಶಗಳು ಸಾಯುತ್ತಾ, ತಮ್ಮ ಡಿಎನ್‌ಎ ಚೂರುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ವಿಜ್ಞಾನಿ ಡೆನ್ನಿಸ್ ಲೋ ಅವರ ತಂಡ 1997ರಲ್ಲಿ ಇದನ್ನು ಕಂಡದ್ದು, ಗಂಡುಮಗು ಹೊತ್ತ ತಾಯಂದಿರ ಪ್ಲಾಸ್ಮಾದಲ್ಲಿ ವೈ ಕ್ರೋಮೋಸೋಮಿನ ಚೂರು ಹುಡುಕಿ. ಹೆರಿಗೆಯಾದ ಮೇಲೆ ಸರಾಸರಿ 16 ನಿಮಿಷಕ್ಕೆ ಅರ್ಧದಷ್ಟು ಮಾಯವಾಗುತ್ತದೆ ಅಂತಲೂ ಅವರೇ ಆಮೇಲೆ ಅಳೆದರು. ಅಂದರೆ ಟ್ಯೂಬಿನಲ್ಲಿ ಸಿಗುವುದು ಆ ಹೊತ್ತಿನ ಮಾಸಿನ ಸುದ್ದಿ. ಹಳೇದಲ್ಲ.

ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿಎಕ್ಲಾಂಪ್ಸಿಯಾದಲ್ಲಿ ಈ ಡಿಎನ್‌ಎ ಹೆಚ್ಚುತ್ತದೆ. ಮಾಸಿಗೆ ರಕ್ತ ಸಾಲದೆ ಜೀವಕೋಶಗಳು ಜಾಸ್ತಿ ಸಾಯುವುದು ಇದಕ್ಕೆ ಕಾರಣವಿರಬಹುದು. (ಇದೇ ಮುಂದುವರಿದು ಫಿಟ್ಸ್ ಬರುವ ಎಕ್ಲಾಂಪ್ಸಿಯಾದಿಂದ ತೀರಿಹೋದವರ ಶ್ವಾಸಕೋಶದಲ್ಲಿ ಮಾಸಿನ ಜೀವಕೋಶಗಳನ್ನು ಜರ್ಮನ್ ರೋಗಶಾಸ್ತ್ರಜ್ಞ ಜಾರ್ಜ್ ಶ್ಮೋರ್ಲ್ 1893ರಲ್ಲೇ ನೋಡಿದ್ದರು!) ಆದರೆ ಮೊದಲ ತಿಂಗಳುಗಳಲ್ಲಿ ಕತೆ ಉಲ್ಟಾ. ಆಗ ಪಾಲು ಕಡಿಮೆ ಇದ್ದವರಲ್ಲಿ ಮುಂದೆ ಪ್ರಿಎಕ್ಲಾಂಪ್ಸಿಯಾ ಸ್ವಲ್ಪ ಜಾಸ್ತಿ. ಮಾಸು ಸರಿಯಾಗಿ ಬೆಳೆಯದಿರುವುದರ ಗುರುತು ಇರಬಹುದು ಅನ್ನುತ್ತಾರೆ.

ನನ್ನ ತಕರಾರು ಇಲ್ಲೇ. ‘ರಿಸಲ್ಟ್ ಬರಲಿಲ್ಲ, ಇನ್ನೊಂದು ಸಲ ರಕ್ತ ಕೊಡಿ’ ಅಂತ ಹೇಳಿ ಕಳಿಸುತ್ತೇವೆ. ಎರಡನೇ ಸಲ ರಿಸಲ್ಟ್ ಬಂದರೆ ಮೊದಲನೇ ಚೀಟಿ ಕಸದಬುಟ್ಟಿಗೆ. ಅದನ್ನು ಡಾಕ್ಟರಿಗೆ ತೋರಿಸಬೇಕಲ್ವಾ? ಸುಮ್ನೆ ಹೆದರಬೇಕಿಲ್ಲ. ತೂಕ ಜಾಸ್ತಿ ಇದ್ದರೂ, ವಾರ ಕಡಿಮೆ ಆಗಿದ್ದರೂ ಪಾಲು ಇಳಿಯುತ್ತದೆ. 13 ಅಥವಾ 18ನೇ ಕ್ರೋಮೋಸೋಮು ಒಂದು ಹೆಚ್ಚಿರುವ ತೊಂದರೆಯಲ್ಲೂ ಇಳಿಯಬಹುದು. ಅದಕ್ಕೇ ಸ್ಕ್ಯಾನ್ ಬಿಡಬಾರದು. ಪ್ರಿಎಕ್ಲಾಂಪ್ಸಿಯಾ ಅಪಾಯವನ್ನು ಈ ಒಂದು ಅಂಕಿಯಿಂದ ಯಾರೂ ಹೇಳಲಾಗದು. ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್), ಹಿಂದಿನ ಹೆರಿಗೆಯ ವಿವರ ಎಲ್ಲ ಸೇರಿಸಿ ನೋಡಬೇಕು. ಅಪಾಯ ಹೆಚ್ಚಿದೆ ಅಂತ ಕಂಡರೆ 16 ವಾರದೊಳಗೆ ಸಣ್ಣ ಡೋಸಿನ ಆಸ್ಪಿರಿನ್ ಶುರು ಮಾಡುವುದುಂಟು, ಅದೂ ಡಾಕ್ಟರ್ ಹೇಳಿದರೆ ಮಾತ್ರ. ನಮ್ಮ ಚೀಟಿ ಕೈಗೆ ಬರುವುದು ಆ ಗಡುವಿಗೆ ಕೆಲವೇ ವಾರ ಮೊದಲು.